ಬಾಗಿಲಲ್ಲಿ ನಿಲ್ಲೋ ಮರೀನ್

ನಮ್ಮ ಗೇಮ್ ಸೆಂಟರಿಗೆ ಹೆಂಗಸರು ಬರೋದು ಒಂದೇ ಕೆಲಸಕ್ಕೆ. ಮಗನನ್ನೋ ತಮ್ಮನನ್ನೋ ಕಿವಿ ಹಿಡಿದು ಎಳ್ಕೊಂಡು ಹೋಗೋಕೆ. ಅದಕ್ಕೇ ಆ ಮಧ್ಯಾಹ್ನ ಅವಳು ಬಾಗಿಲಿಗೆ ಬಂದಾಗ ನಾನು ತಲೆ ಕೂಡ ಎತ್ತಲಿಲ್ಲ.

"ನಿಮ್ಮನೆಯೋರು ಯಾರೂ ಇಲ್ಲಿಲ್ಲಮ್ಮ. ಬೇರೆ ಕಡೆ ನೋಡ್ಕೊ ಓಗು."

"ನಮ್ಮನೇಲಿ ಇರೋದು ನಾನು, ಅಪ್ಪ. ಅಪ್ಪ ಮಂಚದ ಮೇಲೆ ಮಲಗಿದಾರೆ," ಅಂದ್ಲು. "ನಾನು ಆಡೋಕೆ ಬಂದೆ."

ತಲೆ ಎತ್ತಿದೆ. ಎತ್ತಬಾರದಿತ್ತು.

ಬಿಸಿಲಿಂದ ಒಳಗೆ ಬಂದ ಕಣ್ಣು, ಕಿರಿದು ಮಾಡ್ಕೊಂಡು ಏನೋ ಹುಡುಕ್ತಿದ್ವು. ನನ್ನನ್ನೇ ಅಂದ್ಕೊಂಡೆ. ಅವು ಹುಡುಕ್ತಿದ್ದಿದ್ದು ಖಾಲಿ ಕುರ್ಚಿ.

ಅಂಗಡಿ ಮುಚ್ಚಿದ ಚಿನ್ನದ ಗಣಿ ಪಕ್ಕದ ಕೋರಮಂಡಲ್‌ನಲ್ಲಿ, ಪೆರುಮಾಳಣ್ಣಂದು. ನಾನು ಸಾಯಿಕುಮಾರ್, ಬಂಗಾರಪೇಟೆ ಪಕ್ಕದ ಹಳ್ಳಿಯೋನು, ದಿನಾ ಬಸ್ಸಲ್ಲಿ ಬಂದು ಅಲ್ಲಿ ಕೆಲಸ ಮಾಡೋನು. ಒಂಬತ್ತನೇ ಕ್ಲಾಸಲ್ಲಿ ಮೇಷ್ಟ್ರು ಹೊರಗೆ ನಿಲ್ಲು ಅಂದ್ರು. ನಾನು ನಿಲ್ಲಲಿಲ್ಲ, ಹಂಗೇ ಹೊರಟೆ. ಅವತ್ತಿಂದ ನಾನು ಬಸ್ಸು ಹತ್ತಿದ್ರೆ ನನ್ನ ಕೋಪಾನೂ ಹತ್ತುತ್ತೆ, ನಾನಿಳಿದ್ರೆ ನನ್ನ ಜೊತೇನೇ ಇಳಿಯುತ್ತೆ.

ಅವಳು ಸೆಲ್ವಿ. ಚಾಂಪಿಯನ್ ರೀಫ್ಸ್‌ನ ಗಣಿ ಕೆಲಸದೋರ ಲೈನ್ ಮನೆಯವಳು. ಬ್ಲೌಸ್ ಹೊಲಿಯೋಳು. ಅಪ್ಪನಿಗೆ ಮಾತ್ರೆ ಕೊಟ್ಟು, ಅವರಿಗೆ ನಿದ್ದೆ ಹತ್ತಿದ ಮೇಲೆ ಬರೋಳು.

ಮೊದಲನೇ ದಿನಾನೇ ಡಿಸ್ಕುಗಳನ್ನೆಲ್ಲ ಸಾಲಾಗಿ ಜೋಡಿಸಿ ನೋಡಿದ್ಲು.

"ಎಲ್ಲಾದ್ರಲ್ಲೂ ಇವನೇ ಇದಾನಲ್ಲ?"

"ಅವೆಲ್ಲ ಬೇರೆ ಬೇರೆ ಗೇಮು."

"ಒಂದ್ರಲ್ಲಿ ಹಸಿರು, ಒಂದ್ರಲ್ಲಿ ನೀಲಿ. ಆಳು ಒಬ್ಬನೇ ಪಾ. ಸ್ಪೇಸ್ ಮರೀನ್, ಆಕಾಶದಲ್ಲಿ ಕಾದಾಡೋ ಸಿಪಾಯಿ. ಭುಜ ನೋಡಿದ್ರೆ ಬೀರು ಥರ, ಕತ್ತೇ ಇಲ್ಲ. ಯಾವ ಗ್ರಹಕ್ಕೆ ಹೋದ್ರೂ ಹೆಲ್ಮೆಟ್ ತೆಗೆಯಲ್ಲ. ಊಟ ಮಾಡಲ್ಲ. ಇವನಿಗೆ ಅಮ್ಮ ಅಂತ ಒಬ್ಬಳು ಇಲ್ವಾ?"

"ಅವನು ಬರೋದು ರಾಕ್ಷಸರನ್ನ ಹೊಡೆಯೋಕೆ. ಅಮ್ಮ ಯಾಕೆ?"

"ಮಾತೂ ಆಡಲ್ಲ. ಬರೀ ಕೋಪ." ಕಣ್ಣಿನ ತುದಿಯಿಂದ ನನ್ನ ಕಡೆ ನೋಡಿದ್ಲು. ತುಟಿ ನಗಲಿಲ್ಲ, ಮೂಗುತಿ ನಕ್ಕಿತು. "ಇಂಥೋರು ನಮ್ಮ ಕಡೇನೂ ಇದಾರೆ ಬಿಡಿ."

ಅವತ್ತು ಬಂದ ಗಿರಾಕಿಗಳ ಮೇಲೆ ನಾನು ಕೂಗಾಡಲಿಲ್ಲ. ಪೆರುಮಾಳಣ್ಣ ಹಣೆ ಮುಟ್ಟಿ ನೋಡಿದ, ಜ್ವರ ಇದೆಯಾ ಅಂತ.

ನಾವಾಡ್ತಿದ್ದ ಗೇಮಲ್ಲಿ ಇಬ್ಬರು ಮರೀನ್‌ಗಳು. ಟೀವಿ ಎರಡು ಭಾಗ ಆಗೋದು, ಎಡಕ್ಕೆ ಅವಳು, ಬಲಕ್ಕೆ ನಾನು. ಕೊನೇ ಲೆವೆಲ್ಲು ಯಾವುದೋ ಗ್ರಹದ ಮುಚ್ಚಿದ ಗಣಿ. ಮೇಲೆ ಸ್ಪೇಸ್ ಹಡಗು ಕಾಯ್ತಿರುತ್ತೆ. ಒಬ್ಬ ಮರೀನ್ ಬಾಗಿಲ ಪಕ್ಕದ ಹಿಡಿ ಒತ್ತಿ ಹಿಡ್ಕೊಂಡ್ರೆ ಮಾತ್ರ ಬಾಗಿಲು ತೆರೆದಿರುತ್ತೆ, ಇನ್ನೊಬ್ಬ ಹತ್ತಬಹುದು. ಹಿಡಿದೋನು ಅಲ್ಲೇ ಉಳೀತಾನೆ. ಮರೀನ್ ಕಥೆ ಯಾವುದಾದ್ರೂ ಸರಿ, ಕೊನೆಗೆ ಬಾಗಿಲಲ್ಲಿ ಒಬ್ಬ ನಿಲ್ಲಲೇಬೇಕು.

ಸೆಲ್ವಿ ಒಪ್ಪಲಿಲ್ಲ.

"ಕೆಳಗೆ ಒಬ್ಬರನ್ನ ಬಿಟ್ಟು ಮೇಲೆ ಬರೋದು ನಮ್ಮ ಲೈನಲ್ಲಿ ಇಲ್ಲ," ಅಂದ್ಲು. ಅವಳಪ್ಪ ಗಣಿಯೊಳಗೆ ಇಳೀತಿದ್ದೋರು. ಹುಟ್ಟಿದಾಗಿಂದ ಆ ಮನೇಲಿ ಕೇಳಿದ ಮಾತು ಅದು.

ನಾನು ಹಿಡಿ ಹಿಡಿದ್ರೆ ಅವಳು ಹಡಗಿಂದ ಇಳಿದು ನನ್ನ ಕರ್ಕೊಂಡು ಹೋಗೋಕೆ ಬರೋಳು. ಅವಳು ಹಿಡಿದ್ರೆ ನಾನು ಬರೋನು. ಅಷ್ಟೊತ್ತಿಗೆ ರಾಕ್ಷಸರು ಮುತ್ಕೊಳ್ಳೋರು, ಇಬ್ಬರೂ ಸಾಯೋರು. ಮತ್ತೆ ಮೊದಲಿಂದ.

"ಲೇ ಸಾಯಿ, ಊರೋರು ಒಂದೇ ಬೇಸಿಗೆ ರಜಾದಲ್ಲಿ ಮುಗಿಸಿದ ಗೇಮು ಕಣ್ಲಾ ಇದು," ಪೆರುಮಾಳಣ್ಣ ಬೈಯೋನು. "ನೀವಿಬ್ರೂ ಮಳೆಗಾಲ, ಚಳಿಗಾಲ ಎರಡೂ ಕಳೆದ್ರಿ. ಯಾರಾದ್ರೂ ಒಬ್ರು ಸಾಯ್ರಪ್ಪ."

"ಇಬ್ರೂ ಸಾಯ್ತಿದೀವಲ್ಲ ಅಣ್ಣ," ಅನ್ನೋಳು ಸೆಲ್ವಿ. ಅವಳ ಮೊಣಕೈ ನನ್ನ ಮೊಣಕೈಗೆ ತಾಗೋದು. ಇಬ್ಬರೂ ಪಕ್ಕಕ್ಕೆ ಸರೀತಿರಲಿಲ್ಲ. ಅಂಥ ಸಾವು ದಿನಾ ಬರಲಿ ಅಂತ ಬೇಡ್ಕೊಂಡೋನು ನಾನು.

ಒಂದು ದಿನ ಬಂದೋಳು ಕುರ್ಚಿ ಎಳ್ಕೊಂಡು ಕೂತು, "ಇವತ್ತು ಮುಗಿಸ್ಬಿಡೋಣ," ಅಂದ್ಲು. ನನ್ನ ಕಡೆ ನೋಡಲೇ ಇಲ್ಲ.

ಕೊನೇ ಬಾಗಿಲು ಬಂತು. ಅವಳ ಮರೀನ್ ಹಿಡಿ ಹಿಡಿದ.

"ಹತ್ತಿ," ಅಂದ್ಲು.

"ಯಾಕೆ ಇವತ್ತು?"

"ಶುಕ್ರವಾರ ನಿಶ್ಚಿತಾರ್ಥ. ಅತ್ತೆ ಮಗ, ರಾಜ್‌ಕುಮಾರ್. ಸಾಯಿ, ಹತ್ತಿ. ಟೈಮ್ ಹೋಗ್ತಿದೆ."

ನನ್ನ ಬೆರಳು ಆಡಲಿಲ್ಲ. ನನ್ನ ಮರೀನ್ ಹಡಗಿನ ಮುಂದೆ ಮರದ ಹಂಗೆ ನಿಂತ. ರಾಕ್ಷಸರು ಸುತ್ತ ಮುತ್ಕೊಂಡ್ರು. ಟೀವಿ ಎಡಗಡೆ ಕೆಂಪು, ಬಲಗಡೆ ಕೆಂಪು, ಮತ್ತೆ ಇಬ್ಬರೂ ಸತ್ರು.

ಕಂಟ್ರೋಲರ್ ಗೋಡೆಗೆ ಎಸೆದೆ. ಪೆರುಮಾಳಣ್ಣ ಬೈತಿದ್ದ, ಏನಂತ ನೆನಪಿಲ್ಲ. ಅವಳು ಚಪ್ಪಲಿ ಮೆಟ್ಕೊಂಡು ಹೊರಟಿದ್ಲು. ರಸ್ತೇಲಿ ಓಡಿ ಹಿಡಿದೆ.

"ನಂಗೆ ನೀನು ಬೇಕು," ಅಂದೆ. ಜಗಳ ಆಡೋ ಥರ ಬಂತು ಮಾತು.

ನಿಂತ್ಲು. "ಅಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ? ಹೊಲಿಯೋ ಕೆಲಸ ಬಿಟ್ಟು ದಿನಾ ನಾನು ಬರ್ತಿದ್ದಿದ್ದು ಮರೀನ್ ಮುಖ ನೋಡೋಕಾ? ಅವನಿಗೆ ಮುಖಾನೇ ಇಲ್ಲ."

"ಬಂದ್ಬಿಡು. ಬಂಗಾರಪೇಟೇಲಿ ರೈಲು ಹತ್ತೋಣ."

"ಅಪ್ಪ?"

ಅವಳ ಲೈನ್ ಕಡೆ ನಡೆದ್ವಿ.

"ಅಂಗಾದ್ರೆ ನಿಮ್ಮಪ್ಪನ್ನೇ ಕೇಳ್ತೀನಿ."

"ಕೇಳಿ," ಅಂದ್ಲು. ಬೇಡ ಅನ್ನಲಿಲ್ಲ. ಆಗುತ್ತೆ ಅಂತಾನೂ ಅನ್ನಲಿಲ್ಲ.

ದಾರೀಲಿ ಜಗಳಕ್ಕೆ ಎಲ್ಲಾ ಜೋಡಿಸ್ಕೊಂಡೆ. ಜಾತಿ ಯಾವುದು ಅಂತ ಕೇಳಿದ್ರೆ ಏನು ಅನ್ನಬೇಕು, ತಮಿಳು ಕನ್ನಡ ಅಂತ ತೆಗೆದ್ರೆ ಏನು, ಎಷ್ಟು ಓದಿದೀಯ ಅಂದ್ರೆ ಏನು. ಒಂದೊಂದು ಮಾತಿಗೂ ಒಂದೊಂದು ಕಲ್ಲು ಇಟ್ಕೊಂಡಿದ್ದೆ.

ಮಂಚದ ಮೇಲಿದ್ದ ಮನುಷ್ಯ ಅದ್ಯಾವುದನ್ನೂ ಕೇಳಲಿಲ್ಲ. ಎದೆಯೊಳಗೆ ಕೂತ ಗಣಿ ಧೂಳು ಅವರ ಒಂದೊಂದು ಮಾತಿನ ಮಧ್ಯೆ ಸೀಟಿ ಊದ್ತಿತ್ತು.

"ಕೂತ್ಕೊ ತಂಬಿ. ಇವಳು ನಗ್ತಾ ಮನೆಗೆ ಬರೋಳು. ಯಾರೋ ಇದಾರೆ ಅಂತ ಗೊತ್ತಿತ್ತು." ಉಸಿರು ತಗೊಂಡ್ರು. "ರಾಜ್‌ಕುಮಾರ್ ನನ್ನ ಅಕ್ಕನ ಮಗ. ಉಸಿರು ಸಿಗದೇ ಇದ್ದಾಗೆಲ್ಲ ನನ್ನ ಹೊತ್ಕೊಂಡು ಆಸ್ಪತ್ರೆಗೆ ಓಡೋನು ಅವನೇ. ಅಕ್ಕಂಗೆ ಮಾತು ಕೊಟ್ಟಿದೀನಿ. ಸಂಬಂಧದಲ್ಲಿ ಹೆಣ್ಣು ಕೊಡಬೇಕಾದ ಮುರೆ ಹುಡುಗ ಮನೇಲಿದ್ದೂ ಹೊರಗೆ ಕೊಟ್ರೆ ನಮ್ಮೋರು ಯಾರೂ ಈ ಬಾಗಿಲಿಗೆ ಬರಲ್ಲ. ನೀನೇ ಹೇಳು ತಂಬಿ. ನಾನೇನ್ ಮಾಡ್ಲಿ?"

ಸುಮ್ನೆ ಕೇಳಿದ ಮಾತಲ್ಲ ಅದು. ನನ್ನ ಮುಖ ನೋಡ್ತಾ ಉತ್ತರಕ್ಕೆ ಕಾಯ್ತಿದ್ರು.

ನನ್ನ ಕೋಪ ಎದ್ದು ನಿಂತು ಆ ಮನೆಯೆಲ್ಲ ಹುಡುಕಿತು, ಹೊಡೆಯೋಕೆ ಯಾರಾದ್ರೂ ಸಿಗ್ತಾರಾ ಅಂತ. ಹೊಲಿಗೆ ಮೆಷಿನ್ ಇತ್ತು. ನೀರಿನ ಬಿಂದಿಗೆ ಇತ್ತು. ಯಾರೂ ಸಿಗಲಿಲ್ಲ.

"ನೀವು ಮಲಗಿ ಅಪ್ಪ," ಅಂದೆ. ಹೊದಿಕೆ ಸರಿ ಮಾಡಿದೆ. ನನ್ನ ಕೈಯಿಂದ ಆಗಿದ್ದು ಅಷ್ಟೇ.

ಸೆಲ್ವಿ ಬಸ್ ಸ್ಟಾಪಿನವರೆಗೂ ಬಂದ್ಲು. ಅಲ್ಲೇ ಲೈನಿನ ಕೊಳಾಯಿ. ನೀರು ಬಿಟ್ಟಿದ್ರು, ಬಿಂದಿಗೆ ಸಾಲು, ಹೆಂಗಸರ ಸಾಲು. ನರಸಮ್ಮ ಅನ್ನೋಳು ಬಿಂದಿಗೆ ತುಂಬಿ ಚೆಲ್ತಿದ್ರೂ ನಮ್ಮನ್ನೇ ನೋಡ್ತಿದ್ಲು.

ಸೆಲ್ವಿ ನನ್ನ ಕೈ ಹಿಡ್ಕೊಂಡ್ಲು. ಅದೇ ಮೊದಲು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು, ಆದ್ರೂ ಬೆಚ್ಚಗಿತ್ತು.

"ಎಲ್ಲಾ ನೋಡ್ತಿದಾರೆ," ಅಂದೆ.

"ನೋಡ್ಲಿ."

"ಶುಕ್ರವಾರಕ್ಕೆ ಮುಂಚೆ ರಾಜ್‌ಕುಮಾರ್ ಕಿವಿಗೆ ಬೀಳುತ್ತೆ."

"ನಾನೇ ಹೇಳಿದೀನಿ ಅವನಿಗೆ. ಅತ್ಬಿಟ್ಟ, ಪಾಪ. ಅವನೂ ಏನ್ ಮಾಡ್ತಾನೆ?"

ಬಂಗಾರಪೇಟೆ ಬಸ್ಸು ಬಂತು. ಕಂಡಕ್ಟರ್ ಬಾಗಿಲು ತಟ್ಟಿದ. ನಾನು ಕಾಲು ಮುಂದಿಟ್ಟೆ. ಅವಳು ನನ್ನ ಕೈ ಬಿಡಲಿಲ್ಲ.

"ಹಿಂದೇನೇ ಇನ್ನೊಂದು ಬರುತ್ತೆ," ಅಂದ್ಲು.