ಮರಿನೆರಾ ತರಗತಿಯ ಹರಿದ ಲಂಗಗಳು

"ದೋನ್ಯಾ, ಏನೂ ತಪ್ಪು ಮಾಡದ ಹುಡುಗೀನ ಶಾಲೆಯಿಂದ ಓಡಿಸ್ತಾರಂತೆ! ನೀವು ಬರಲೇಬೇಕು," ಎಂದು ರೊಸೌರಾ ಟೀಚರ್ ಬಾಗಿಲಲ್ಲೇ ಅತ್ತುಬಿಟ್ಟಳು.

ನಮ್ಮ ಶಾಲೆಯಲ್ಲಿ ಗಣಿತದಂತೆ ನೃತ್ಯಕ್ಕೂ ಅಂಕವಿದೆ. ಅದನ್ನು ಕಲಿಸುವವಳು ಈಕೆ. ಅಂದು ಗಂಡು-ಹೆಣ್ಣು ಜೋಡಿಯಾಗಿ ಕುಣಿಯುವ ಮರಿನೆರಾ ನೃತ್ಯದ ಪರೀಕ್ಷೆ. ಬೆಳಿಗ್ಗೆ ಕಪಾಟು ತೆರೆದರೆ ಹುಡುಗಿಯರ ಅಗಲವಾದ ಲಂಗಗಳೆಲ್ಲ ಕತ್ತರಿಗೆ ಸಿಕ್ಕಿ ಚಿಂದಿಯಾಗಿದ್ದವು. ಆರೋಪ ಮಾರಿಸಿಯೆಲೊ ಎಂಬ ವಿದ್ಯಾರ್ಥಿನಿಯ ಮೇಲೆ ಬಂದಿತ್ತು.

ಎಲ್ಲರೂ ಗೌರವದಿಂದ ದೋನ್ಯಾ ಎನ್ನುವ ಎರ್ಮೆಲಿಂದಾ ನಮ್ಮೂರು ತ್ರುಹಿಯೊದ ಪೊಲೀಸಿನಲ್ಲಿ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ಶಾಲೆಯ ಇತಿಹಾಸದ ಮೇಷ್ಟ್ರಾದ ನಾನು ಅವರ ಮನೆಯ ಬಾಡಿಗೆದಾರ, ಪತ್ತೇದಾರಿಕೆಯಲ್ಲಿ ಜೊತೆಗಾರ. ಕಾಫಿ ಅರ್ಧಕ್ಕೇ ಬಿಟ್ಟು ಹೊರಟೆವು.

ಕಪಾಟಿನ ಬೀಗ ಮುರಿದಿರಲಿಲ್ಲ. ಕೀಲಿ ಸಿಬ್ಬಂದಿ ಕೋಣೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಯಾರು ಬೇಕಾದರೂ ತೆಗೆಯಬಹುದಿತ್ತು.

"ಕುಣಿಯೋಕೂ ಪರೀಕ್ಷೆ ಯಾಕ್ರೀ? ಆ ಪೀರಿಯಡ್ ನನಗೆ ಕೊಡಿ ಅಂತ ಮೊದಲಿಂದ್ಲೂ ಕೇಳ್ತಿದೀನಿ," ಎಂದರು ಇದೇ ಊರಲ್ಲಿ ಹುಟ್ಟಿ ಬೆಳೆದ ಗಣಿತದ ಆಕಿಲೆಸ್. "ಹಾಗಂತ ಬಟ್ಟೆ ಹರಿಯೋಷ್ಟು ಕೆಟ್ಟೋನಲ್ಲ ನಾನು."

ಈ ವರ್ಷವೇ ಲಿಮಾದಿಂದ ಬಂದ ಉಪಪ್ರಾಂಶುಪಾಲ ಬರ್ರೆದಾ ಮಾತ್ರ ಗಟ್ಟಿ ಸಾಕ್ಷಿ. "ಕಣ್ಣಾರೆ ಕಂಡಿದೀನಿ. ನಿನ್ನೆ ಎಲ್ಲರೂ ಹೋದ್ಮೇಲೆ ನೃತ್ಯದ ಕೋಣೇಲಿ ಈ ಮಾರಿಸಿಯೆಲೊ ಹೈ ಹೀಲ್ಸ್ ಟಕಟಕ ಅಂತಿತ್ತು. ಇಣುಕಿದೆ. ಕುಣಿಯೋದು ನಿಲ್ಲಿಸಿ, ಆ ಶೂಗಳಲ್ಲೇ ಕಪಾಟಿನ ಹತ್ರ ಹೋಗಿ ಕತ್ತರಿ ಹಾಕಿದ್ಲು. ಮೊದಲ ಜೋಡಿಯಿಂದ ತೆಗೆದ್ರಲ್ಲ, ಆ ಹೊಟ್ಟೆಕಿಚ್ಚು. ವರ್ಷವಿಡೀ ಈ ಕ್ಲಾಸ್ ನೋಡಿದೀನಿ, ಬರೀ ಕಾಲಹರಣ. ಶಿಕ್ಷಣ ಕಚೇರಿಗೂ ಅದನ್ನೇ ಹೇಳಿ, ತೆಗೆದುಹಾಕಿ ಅಂದಿದೀನಿ."

ನನಗೆ ಮೈಯೆಲ್ಲ ಉರಿಯಿತು. ಮಕ್ಕಳು ಬೆವರು ಸುರಿಸಿ ಕಲಿತದ್ದು ಇವರಿಗೆ ಕಾಲಹರಣ!

ದೋನ್ಯಾ ಹುಡುಗಿಯ ಬಳಿ ಹೋಗಿ, "ಅಂಗಾಲು ತೋರಿಸು ಮಗಳೇ," ಎಂದರು. ಅಂಗಾಲು ಚರ್ಮದ ಪಟ್ಟಿಯಂತೆ ಗಡಸಾಗಿತ್ತು. ಅವರು ಎಲ್ಲರನ್ನೂ ನೃತ್ಯದ ಕೋಣೆಗೆ ಕರೆಸಿದರು. ಶಿಕ್ಷಣ ಕಚೇರಿಯಿಂದ ಬಂದ ಪರೀಕ್ಷಕಿಯೂ ಅಲ್ಲಿದ್ದರು.

"ಲಂಗ ಇಲ್ದೆ ಪರೀಕ್ಷೆ ನಿಂತ್ರೆ ಈ ವಿಷಯಾನೇ ತೆಗೆದುಹಾಕಬಹುದು. ಅದರಿಂದ ಲಾಭ ಯಾರಿಗೆ? ಆಕಿಲೆಸ್‌ಗೂ ಉಂಟು, ಬರ್ರೆದಾಗೂ ಉಂಟು," ಎಂದು ದೋನ್ಯಾ ಆರಂಭಿಸಿದರು. "ಆದ್ರೆ ಸುಳ್ಳು ಹೇಳಿದ್ದು ಒಬ್ಬರೇ. ನಮ್ಮ ತ್ರುಹಿಯೊದಲ್ಲಿ ಗಂಡಸರು ಶೂ ಹಾಕ್ಕೊಂಡು ಕುಣೀತಾರೆ, ಹೆಂಗಸರು ಬರಿಗಾಲಲ್ಲಿ. ಅದಕ್ಕೇ ಈ ಹುಡುಗಿಯರು ಕಾದ ಅಂಗಳದಲ್ಲಿ ಓಡಾಡಿ ಅಂಗಾಲು ಗಟ್ಟಿ ಮಾಡ್ಕೊಳ್ಳೋದು. ಲಿಮಾದ ಮರಿನೆರಾದಲ್ಲಿ ಹೆಂಗಸರಿಗೂ ಶೂ ಉಂಟು. ಬರ್ರೆದಾ ಅವರೇ, ನಿಮ್ಮೂರಿನ ಶೂಗಳನ್ನ ಮಾತಲ್ಲೇ ಈ ಮಗೂಗೆ ತೊಡಿಸಿದ್ರಿ. ಅವಳು ಕುಣಿಯೋದನ್ನ ನಿನ್ನೆಯೂ ನೋಡಿಲ್ಲ, ವರ್ಷದಲ್ಲಿ ಒಂದು ದಿನವೂ ನೋಡಿಲ್ಲ. ಕಾಣದ್ದನ್ನ ಕಂಡೆ ಅಂತ ಹುಡುಗಿ ತಲೆಗೆ ಯಾಕೆ ಕಟ್ಟಿದ್ರಿ? ಕತ್ತರಿ ನಿಮ್ಮ ಕೈಯಲ್ಲಿತ್ತು, ಅದಕ್ಕೆ!"

ಬರ್ರೆದಾ ಮುಖ ಕಪ್ಪಿಟ್ಟಿತು. "ಹೌದು, ನಾನೇ! ಕುಣಿತ ಒಂದು ಪಾಠವೇ?" ಎಂದು ಕಿರುಚಿ ಬಾಗಿಲ ಕಡೆ ನಡೆದರು.

ಪರೀಕ್ಷಕಿ ಹುಡುಗಿಯ ಕೈ ಹಿಡಿದು, "ಕ್ಷಮಿಸಮ್ಮ. ಪರೀಕ್ಷೆ ಮುಂದಕ್ಕೆ ಹಾಕ್ತೀನಿ," ಎಂದರು.

"ಬೇಡ ಮೇಡಂ. ನಾವು ಕಲ್ತಿದೀವಿ, ಶಾಲೆ ಬಟ್ಟೇಲೇ ಕುಣೀತೀವಿ. ಅಂಕ ಕೊಡಿ," ಎಂದಳು ಮಾರಿಸಿಯೆಲೊ. ಆಮೇಲೆ ತಿರುಗಿ ಬಾಗಿಲಿಗೆ ಅಡ್ಡ ನಿಂತಳು. "ಸರ್, ಕೂತ್ಕೊಳ್ಳಿ. ವರ್ಷವಿಡೀ ನೋಡಿದೀನಿ ಅಂದ್ರಲ್ಲ, ಇವತ್ತು ಒಂದ್ಸಲ ನೋಡಿ ಹೋಗಿ."

ಪರೀಕ್ಷಕಿ ಬರ್ರೆದಾಗೆ ಮುಂದಿನ ಸಾಲಿನ ಕುರ್ಚಿ ತೋರಿಸಿದರು.