ಹಿಂದಕ್ಕೆ ಒಂದು ಸುತ್ತು

ಬಸಲಿಂಗ ಆರನೇ ಸಲ ಬಿದ್ದ. ವೇಣಿ ಕೈ ಚಾಚಿದಳು. ಎಂದಿನಂತೆ ಅವನು ಅದನ್ನು ಹಿಡಿಯಲಿಲ್ಲ. ತಾನೇ ಎದ್ದು ಪ್ಯಾಂಟ್ ಕೊಡವಿಕೊಂಡ.

ಕಾಡುಗೋಡಿಯ ಈ ಸ್ಕೇಟಿಂಗ್ ರಿಂಕಿಗೆ ನೆಲ ಹಾಕಿದವನು ಅವನೇ, ಹನ್ನೆರಡು ವರ್ಷದಿಂದ ನೆಲ ಹಾಕುತ್ತಿದ್ದ ಯಾದಗಿರಿ ಕಡೆಯ ಗಾರೆ ಮೇಸ್ತ್ರಿ. ಕೆಲಸ ಮುಗಿದ ಮೇಲೂ ಭಾನುವಾರ ತಪ್ಪದೆ ಬಂದು ಕೋಚ್ ವೇಣಿಯ ಹತ್ತಿರ ಸ್ಕೇಟಿಂಗ್ ಕಲಿಯುತ್ತಿದ್ದ. ಮುಂದಕ್ಕೆ ಓಡುವುದು ಬಂತು. ಹಿಂದಕ್ಕೆ ಹೋಗುವುದು ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ.

“ಹಿಂದಕ್ಕ ಒಂದ್ ಸುತ್ತು ನಾ ಒಬ್ಬನೇ ಹೊಡದ ದಿನ ನಿಮಗೊಂದು ಮಾತು ಕೇಳ್ತೀನ್ರಿ. ಅಲ್ಲೀತನಕ ಇಲ್ಲ,” ಅಂದಿದ್ದ ಹೋದ ತಿಂಗಳು.

ಯಾವ ಮಾತು ಅಂತ ಅವಳಿಗೆ ಗೊತ್ತಿತ್ತು. ಉತ್ತರವೂ ಸಿದ್ಧವಿತ್ತು. ತಾನಾಗಿ ಬಾಯಿಬಿಡಲು ಅವಳಿಗೂ ಬಿಂಕ. ಆದರೆ ನಾಳೆಯಿಂದ ಅವನ ಕೆಲಸ ಊರಿನ ಆ ತುದಿಯ ಜಾಲಹಳ್ಳಿಯಲ್ಲಿ, ಭಾನುವಾರವೂ ರಜೆಯಿಲ್ಲ. ಇವತ್ತು ಸುತ್ತು ಆಗದಿದ್ದರೆ ಈ ಸ್ವಾಭಿಮಾನಿ ಕೇಳದೆಯೇ ಹೊರಟುಬಿಡುತ್ತಾನೆ.

“ಹಿಮ್ಮಡಿ ಹೊರಗೆ ತಳ್ಳಿ. ಮಂಡಿ ಬಗ್ಗಿಸ್ರೀ! ಕಂಬದ್ ಥರ ನಿಂತ್ರೆ ಬೀಳದೆ ಇನ್ನೇನು?”

“ನಾ ಹಾಕಿದ ನೆಲ ನನ್ನನ್ನ ಬೀಳಸಾಕತ್ತದ ನೋಡ್ರಿ!”

ವೇಣಿಗೆ ನಗು ಬಂತು. ಕಾಲಡಿಯ ನೆಲ ನೋಡಿದಳು. ಎಲ್ಲೂ ಒಂದು ಗೆರೆಯಿಲ್ಲ.

“ಅಲ್ಲಾ, ಇಷ್ಟು ನೈಸಾಗಿ ಹೇಗ್ ಉಜ್ಜಿದ್ರಿ? ನಿಮ್ಮ ಹೆಜ್ಜೆ ಗುರುತೂ ಬಿದ್ದಿಲ್ವಲ್ಲ?”

ಮೇಸ್ತ್ರಿಯ ಎದೆ ಉಬ್ಬಿತು. “ಮಂಡಿ ಬಗ್ಗಿಸಿ, ಭಾರ ಮುಂಗಾಲಿಗಿ ಹಾಕಿ, ಗಾರಿ ಉಜ್ಜೂ ಕರಣಿ ಆಡಿಸ್ಕೋತ ಹಿಂದಕ್ಕ ಸರೀಬೇಕ್ರಿ. ಹೆಗಲ ಮ್ಯಾಲಿಂದ ಹಿಂದ ನೋಡ್ಕೋತ...”

ಅವನ ಮಾತು ಅಲ್ಲಿಗೇ ನಿಂತಿತು. ವೇಣಿ ಹುಬ್ಬೇರಿಸಿದಳು.

“ಹನ್ನೆರಡು ವರ್ಷದಿಂದ ಹಿಂದಕ್ಕೇ ಹೋಗ್ತಿದೀರ. ನನ್ ಹತ್ರ ಬಂದು ಏನ್ರೀ ಕಲೀತಿದೀರ?”

ಬಸಲಿಂಗ ಮಂಡಿ ಬಗ್ಗಿಸಿದ. ಕರಣೆ ಹಿಡಿದವನಂತೆ ಕೈ ಮುಂದಿಟ್ಟ. ಹಿಮ್ಮಡಿ ಹೊರಗೆ, ಒಳಗೆ, ಹೊರಗೆ, ಒಳಗೆ. ಚಕ್ರಗಳು ಹಿಂದಕ್ಕೆ ಉರುಳಿದವು. ವೇಣಿ ಎದುರೆದುರೇ ಸ್ಕೇಟ್ ಮಾಡುತ್ತಾ ಹೋದಳು. ಎರಡನೇ ತಿರುವಿನಲ್ಲಿ ಅವನು ತೂರಾಡಿದ. ಕೈ ಚಾಚಲು ಹೋದವಳು ತಡೆದುಕೊಂಡಳು; ಈ ಸುತ್ತು ಅವನದೇ ಆಗಬೇಕಿತ್ತು. ಅವನು ಸಾವರಿಸಿಕೊಂಡ.

ಹೊರಟಿದ್ದ ಗೇಟಿನ ಮುಂದೆಯೇ ಮತ್ತೆ ಬಂದ. ಸುತ್ತು ಪೂರ್ತಿಯಾಯಿತು. ಹೆಮ್ಮೆಯಿಂದ ವೇಣಿಯ ಕಣ್ಣು ತುಂಬಿತು.

ಅವನು ಮಾತ್ರ ಇನ್ನೂ ಹೋಗುತ್ತಲೇ ಇದ್ದ. “ಮೇಡಂ, ನಿಲ್ಲಸೂದು ಹ್ಯಾಂಗ್ರಿ?”

“ಅದನ್ನಿನ್ನೂ ಕಲಿಸಿಲ್ಲ. ಮೊದ್ಲು ಆ ಮಾತು ಕೇಳಿ.”

“ನನ್ನ ಮದುವಿ ಆಗ್ತೀರೇನ್ರಿ, ವೇಣಿ?”

“ಹೂಂ ಕಣ್ರೀ,” ಎಂದು ಅವಳು ಕೈ ಚಾಚಿದಳು. ಈ ಸಲ ಅವನು ಹಿಡಿದ.