ಏಳನೆಯ ತೊಟ್ಟಿಯ ನೀರು

ಟೊಪ್.

ಅವಳು ದಿಂಬಿನಿಂದ ತಲೆ ಎತ್ತಿದಳು. ಹೊರಗೆ ಗಾಳಿಯಿಲ್ಲ, ನಾಯಿಯ ಸದ್ದಿಲ್ಲ. ಇಡೀ ತರಕಾರಿ ಸಂಶೋಧನಾ ಕೇಂದ್ರ ಮುಸುಕೆಳೆದುಕೊಂಡು ಮಲಗಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ. ಟೊಪ್.

ಬೇರೆ ಯಾರಾದರೂ ಆಗಿದ್ದರೆ ಮಗ್ಗುಲು ಬದಲಿಸಿ ನಿದ್ದೆ ಹೋಗುತ್ತಿದ್ದರು. ಅವಳಿಗದು ಆಗದ ಮಾತು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ವಾಪಸು ಬರುವ ಜೀವ ಅದು. ಕಿವಿಗೊಟ್ಟು ಕೇಳಿದಳು. ನೀರಿಗೆ ನೀರು ಬೀಳುವ ಸದ್ದು. ಕ್ವಾರ್ಟರ್ಸಿನ ಹಿಂದಿನ, ನೆರಳಿಗೆ ಹಸಿರು ಬಲೆ ಹೊದಿಸಿದ ಶೇಡ್‌ನೆಟ್ ಒಳಗಿಂದ. ಆಗ ನೆನಪಾಯಿತು. ಸಂಜೆ ನಲ್ಲಿ ತಿರುಗಿಸುವಾಗ ಅವನು, ಮೆಣಸಿನಕಾಯಿ ತಳಿಗಳ ವಿಜ್ಞಾನಿ, ಪಕ್ಕದಲ್ಲಿ ನಿಂತು ನಗುತ್ತಿದ್ದ. ಕೈ ನಲ್ಲಿಯ ಮೇಲಿತ್ತು, ಗಮನ ಬೇರೆ ಕಡೆಯಿತ್ತು.

ಟಾರ್ಚ್ ಹಿಡಿದು ಚಪ್ಪಲಿ ಮೆಟ್ಟಿ ಹೋದಳು.

ಒಳಗೆ ಸಾಲಾಗಿ ಸಿಮೆಂಟಿನ ತೊಟ್ಟಿಗಳು. ಒಂದೊಂದರಲ್ಲಿ ಒಂದೊಂದು ತಳಿಯ ಕುಂಡಗಳು ಕುತ್ತಿಗೆಯವರೆಗೆ ಮುಳುಗಿದ್ದವು. ಮಳೆ ನಿಂತ ಮೇಲೂ ನೀರು ಬಸಿಯದ ತಗ್ಗಿನ ಹೊಲಗಳಲ್ಲಿ ಯಾವ ತಳಿ ಬದುಕೀತು ಎಂದು ನೋಡುವ ಪರೀಕ್ಷೆ ಅದು. ನೀರು ನಿಂತರೆ ಮಣ್ಣಿನೊಳಗಿನ ಗಾಳಿ ಹೊರಟುಹೋಗುತ್ತದೆ, ಬೇರಿಗೆ ಉಸಿರು ಕಟ್ಟುತ್ತದೆ. ಉಸಿರಿಲ್ಲದ ಬೇರು ನೀರೆತ್ತಲಾರದೆ, ಸುತ್ತ ನೀರಿದ್ದೂ ಗಿಡ ಬಾಡುತ್ತದೆ. ಟೊಮೇಟೊ ಎಲೆಗಳು ಆಗಲೇ ಕೆಳಮುಖವಾಗಿ ಜೋತುಬಿದ್ದಿದ್ದವು. ಬದನೆ ಮಾತ್ರ ಕಾಂಡದ ಬುಡದಲ್ಲಿ ಹೊಸ ಬಿಳಿ ಬೇರು ಬಿಟ್ಟುಕೊಂಡು, ಹೇಗೋ ಸುಧಾರಿಸಿಕೊಂಡಿತ್ತು. ಮೆಣಸಿನಕಾಯಿ ಸುಕುಮಾರಿ, ಎಲ್ಲಕ್ಕಿಂತ ಮೊದಲು ಕೈಚೆಲ್ಲುವ ಗಿಡ. ಆದರೆ ಏಳನೆಯ ತೊಟ್ಟಿಯಲ್ಲಿ ಅವನ ಮೆಣಸಿನಕಾಯಿ ತಳಿ ನೆಟ್ಟಗೆ, ಹಸಿರಾಗಿ, ಎಲ್ಲರನ್ನೂ ಅಣಕಿಸುವ ಹಾಗೆ ನಿಂತಿತ್ತು.

ಪೈಪಿನ ಬಾಯಿಂದ ಮತ್ತೊಂದು ಹನಿ ಬಿತ್ತು. ಟಾರ್ಚಿನ ಬೆಳಕಿನಲ್ಲಿ ಅದು ಬಿದ್ದ ಕಡೆ ಪುಟ್ಟ ಗುಳ್ಳೆಗಳೆದ್ದವು.

ಅವಳು ಆ ಗುಳ್ಳೆಗಳನ್ನೇ ನೋಡುತ್ತ ನಿಂತಳು. ಗುಳ್ಳೆಯೆಂದರೆ ಗಾಳಿ. ನಿಧಾನವಾಗಿ ಟಾರ್ಚನ್ನು ಆರನೆಯ ತೊಟ್ಟಿಯತ್ತ ತಿರುಗಿಸಿದಳು. ಅಲ್ಲಿನ ನೀರು ಪಾಚಿಗಟ್ಟಿ, ಮೇಲೆ ಎಣ್ಣೆಯ ಹಾಗೆ ಮಿನುಗುತ್ತಿತ್ತು. ಏಳನೆಯದರ ನೀರು ಆಗಷ್ಟೇ ತುಂಬಿದ ಕೊಡದಂತೆ ತಿಳಿಯಾಗಿತ್ತು. ಹೊಸ ನೀರಿನ ಜೊತೆ ಏಳನೆಯ ಗಿಡದ ಬೇರಿಗೆ ದಿನವೂ ಗಾಳಿ ಸಿಗುತ್ತಿತ್ತು.

ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದಳು. ಸದ್ದು ನಿಂತಿತು. ನಿದ್ದೆ ಮಾತ್ರ ಬೆಳಗಿನವರೆಗೂ ಬರಲಿಲ್ಲ.

ನೀರು ಹಾಕುವ ಕೆಲಸ ಒಪ್ಪಿಸುವಾಗ ಕೇಂದ್ರದ ಮುಖ್ಯಸ್ಥರು ಮೊದಲ ದಿನವೇ ಅವಳಿಗೆ ಹೇಳಿದ್ದರು: ಆವಿಯಾದಷ್ಟು ನೀರನ್ನು ಡ್ರಮ್ಮಿನಿಂದ ಮಗ್ಗಿನಲ್ಲಿ ತೆಗೆದು ಕೆಂಪು ಗೆರೆಯವರೆಗೆ ತುಂಬಬೇಕು, ಕಲಕಬಾರದು, ನೀರು ನಿಂತಿರಬೇಕು. ಅವಳು ಎಲ್ಲ ತೊಟ್ಟಿಗಳಿಗೂ ಹಾಗೇ ಮಾಡಿದ್ದಳು, ಏಳನೆಯದೊಂದನ್ನು ಬಿಟ್ಟು. ಸಂಜೆ ಹೊತ್ತಿಗೆ ಸರಿಯಾಗಿ ಅವನು ಅಲ್ಲಿ ಬಂದು ನಿಲ್ಲುತ್ತಿದ್ದ. ಮಗ್ಗಿನಲ್ಲಿ ತುಂಬಿದರೆ ಕೆಲಸ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತದೆ. ಅದಕ್ಕೇ ಪೈಪ್ ಹಿಡಿಯುತ್ತಿದ್ದಳು. ಬಾಯಿಗೆ ಹೆಬ್ಬೆರಳಿಟ್ಟು, ನೂಲಿನ ಹಾಗೆ ಸಣ್ಣಗೆ, ಎತ್ತರದಿಂದ. ತುಂಬಿ ಹೊರಚೆಲ್ಲಿದರೂ ಅವಳಿಗೆ ಗೆರೆ ಕಾಣುತ್ತಿರಲಿಲ್ಲ.

"ನಿಮ್ಮ ಕೈಯಲ್ಲಿ ನೀರಿಗೂ ನಾಚಿಕೆ ಬಂದಿದೆ ನೋಡಿ, ನೀರಿನ ಮೇಡಂ," ಎನ್ನುತ್ತಿದ್ದ ಅವನು. "ಎಷ್ಟು ಸಣ್ಣಗೆ ಬರ್ತಿದೆ."

"ಜೋರಾಗಿ ಬಿಟ್ರೆ ಮೆಣಸಿನಕಾಯಿಗೆ ಕೋಪ ಬರತ್ತೆ ಸರ್. ಮೊದಲೇ ಖಾರ."

"ಗಿಡಕ್ಕಾ, ನನಗಾ?"

"ಎರಡೂ ಒಂದೇ ತಳಿ ಅಲ್ವಾ?"

ಕೇಂದ್ರದಲ್ಲಿ ಎಲ್ಲರೂ ಅವನನ್ನು ಮೆಣಸಿನಕಾಯಿ ಎಂದೇ ಕರೆಯುತ್ತಿದ್ದರು. ಹಾಗೆ ಕರೆದಾಗಲೆಲ್ಲ ಅವನ ಎಡಗೆನ್ನೆಯಲ್ಲೊಂದು ಗುಳಿ ಬೀಳುತ್ತಿತ್ತು. ಆ ಗುಳಿ ಬೀಳುವುದನ್ನು ನೋಡಲೆಂದೇ ಅವಳು ಮಾತು ಹುಡುಕುತ್ತಿದ್ದಳು. ಅಷ್ಟೇ ನಡೆದದ್ದು. ಯಾರಿಗೂ ಕೇಡು ಬಯಸಿರಲಿಲ್ಲ.

ಬೆಳಿಗ್ಗೆ ಅವಳು ಬರುವಷ್ಟರಲ್ಲಿ ಅವನು ಸಸಿಗಳ ಟ್ರೇಗಳನ್ನು ವ್ಯಾನಿನ ಬಳಿ ಜೋಡಿಸುತ್ತಿದ್ದ. ಎಲ್ಲ ಏಳನೆಯ ತಳಿಯವೇ. ಫೋನು ಸ್ಪೀಕರಿನಲ್ಲಿತ್ತು. ಆ ಕಡೆ ಅವನ ಅತ್ತಿಗೆ. ಹೊಳೆಯ ಪಕ್ಕದ ತಗ್ಗಿನ ಹೊಲ ಅವರದು. ಪ್ರತಿ ಮಳೆಗಾಲವೂ ಅಲ್ಲಿ ಮೆಣಸಿನ ಗಿಡ ಕೊಳೆತು ಹೋಗುತ್ತದೆಂದೇ ಅವನು ಈ ತಳಿಯ ಬೆನ್ನು ಹತ್ತಿದ್ದು.

"ನಿಮ್ಮಣ್ಣ ಬದನೆ ಹಾಕೋಣ ಅಂದ್ರು. ನಾನೇ ಬೇಡ ಅಂದೆ," ಅತ್ತಿಗೆಯ ದನಿ ಖಣಖಣ ಎನ್ನುತ್ತಿತ್ತು. "ಇಡೀ ಹೊಲ ನಿನ್ನ ಗಿಡಕ್ಕೇ ಬಿಟ್ಟಿದೀನಿ. ಕೈ ಕೊಟ್ರೆ ಈ ಮನೇಲಿ ನಿನಗೆ ಒಂದು ತುತ್ತೂ ಇಲ್ಲ, ತಿಳ್ಕೊ."

"ಕೈ ಕೊಡಲ್ಲ ಅತ್ತಿಗೆ. ಹಾಗೇ, ಊಟಕ್ಕೆ ಈ ಸಲ ಇಬ್ಬರು ಬಂದ್ರೂ ಬರಬಹುದು."

"ಇಬ್ಬರಾ? ಯಾರಪ್ಪಾ ಆ ಇನ್ನೊಬ್ಬರು?"

ಅವನು ನಕ್ಕು ಫೋನಿಟ್ಟ. ಅವಳತ್ತ ಒಂದು ಕ್ಷಣ ನೋಡಿ ಟ್ರೇ ಎತ್ತಲು ಬಗ್ಗಿದ. ಕಿವಿಯ ತುದಿ ಕೆಂಪಾಗಿತ್ತು. ಈ ಒಂದು ನೋಟಕ್ಕಾಗಿ ಅವಳು ಎಷ್ಟು ಸಂಜೆ ಕಾದಿದ್ದಳು! ಈಗ ಅದು ಬಂದಾಗ ಅವಳು ಮುಖ ತಿರುಗಿಸಿಕೊಂಡಳು.

ಟೊಮೇಟೊ ತಳಿಗಳ ಹಿರಿಯ ವಿಜ್ಞಾನಿ, ಎಲ್ಲರ ಬಾಯಲ್ಲಿ ಟೊಮೇಟೊ ಅಕ್ಕ, ಕಾಫಿ ಲೋಟ ಹಿಡಿದು ಬಂದರು. "ಏನಮ್ಮಾ, ಮುಖ ನನ್ನ ಗಿಡದ ಹಾಗೆ ಜೋತುಬಿದ್ದಿದೆ? ಸೋತಿದ್ದು ನಾನು. ನಿಮ್ಮ ಕಡೆಯವರು ಗೆದ್ದಿದಾರಲ್ಲ?"

"ನಮ್ಮ ಕಡೆ ಅಂತ ಯಾವುದೂ ಇಲ್ಲ ಅಕ್ಕಾ."

"ಇಲ್ವಾ? ಸರಿ ಬಿಡು, ನನ್ನ ಕಣ್ಣಿಗೇ ಪೊರೆ ಬಂದಿರ್ಬೇಕು," ಎಂದು ನಕ್ಕು ಹೋದರು.

ಹೇಳದೆ ಇದ್ದುಬಿಡಬಹುದಿತ್ತು. ಹೇಳದಿದ್ದರೆ ಈ ಸಸಿಗಳು ಸಂಜೆಯೊಳಗೆ ಆ ಹೊಲ ಸೇರುತ್ತವೆ. ಅವಳು ಆ ಊಟಕ್ಕೂ ಹೋಗುತ್ತಾಳೆ, ಅತ್ತಿಗೆ ಬಡಿಸುತ್ತಾರೆ. ಆಮೇಲೆ ಹೊಳೆ ಉಕ್ಕುತ್ತದೆ. ಅಲ್ಲಿ ಪೈಪ್ ಹಿಡಿದು ನಿಲ್ಲುವವರು ಯಾರೂ ಇರುವುದಿಲ್ಲ.

ವ್ಯಾನಿನ ಡ್ರೈವರ್ ಹಾರ್ನ್ ಒತ್ತಿದ.

"ಸರ್, ಆ ಸಸಿ ಕಳಿಸ್ಬೇಡಿ."

ಅವನು ನಗುತ್ತಲೇ ತಿರುಗಿದ. "ಯಾಕೆ, ಬಿಟ್ಟಿರಕ್ಕಾಗಲ್ವಾ?"

"ಅದು ಗೆದ್ದಿಲ್ಲ ಸರ್. ನಾನು ಗೆಲ್ಲಿಸ್ಬಿಟ್ಟೆ."

ನಿಂತ ಕಾಲಲ್ಲೇ ಹೇಳಿದಳು. ಪೈಪು, ಹೆಬ್ಬೆರಳು, ಹೊಸ ನೀರು, ಗುಳ್ಳೆ. ಮಾತು ತಡವರಿಸದಂತೆ ರಾತ್ರಿಯಿಡೀ ಜೋಡಿಸಿಟ್ಟುಕೊಂಡಿದ್ದಳು, ಆದರೂ ತಡವರಿಸಿತು. ಅವನ ಕೆನ್ನೆಯ ಗುಳಿ ಮೆಲ್ಲಗೆ ಮಾಯವಾಯಿತು.

"ಯಾವಾಗಿಂದ?"

"ಶುರುವಿಂದಾನೇ."

"ಬರೀ ಏಳಕ್ಕಾ?"

"ಹೂಂ."

"ಯಾಕೆ?"

"ಪೈಪ್ ಅಲ್ಲೀವರೆಗೇ ಬರೋದು..." ಎಂದು ಶುರುಮಾಡಿದಳು. ಸುಳ್ಳನ್ನು ಅಲ್ಲಿಗೇ ಬಿಟ್ಟಳು. "ಇಲ್ಲ. ನೀವು ಅಲ್ಲಿರ್ತಿದ್ರಿ. ಅದಕ್ಕೆ."

ಮನಸ್ಸು ಬಿಚ್ಚಲು ಇದಕ್ಕಿಂತ ಕೆಟ್ಟ ಗಳಿಗೆಯನ್ನು ಯಾರೂ ಆರಿಸಿಕೊಂಡಿರಲಾರರು. ಅವನು ಕೈಯಲ್ಲಿದ್ದ ಟ್ರೇಯನ್ನು ಹೆದರಿದವನಂತೆ ನೆಲಕ್ಕಿಟ್ಟ. ಅವಳ ಮುಖ ನೋಡಲಿಲ್ಲ. "ಅತ್ತಿಗೆಗೆ ಫೋನ್ ಮಾಡ್ಬೇಕು," ಎಂದಷ್ಟೇ ಹೇಳಿ ಶೇಡ್‌ನೆಟ್ ಹಿಂದಕ್ಕೆ ಹೋದ.

ಮಧ್ಯಾಹ್ನದ ಮೀಟಿಂಗಿನಲ್ಲಿ ಅವಳೇ ಎದ್ದು ನಿಂತು ತಪ್ಪು ಒಪ್ಪಿಕೊಂಡಳು. ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಷ್ಟು ಜನರಲ್ಲಿ ನಿಮ್ಮೊಬ್ಬರ ಮೇಲೆ ಕಣ್ಣು ಮುಚ್ಚಿ ನಂಬಿಕೆ ಇಟ್ಟಿದ್ದೆನಮ್ಮ. ಅದೇನು ಏಳಕ್ಕೆ ಮಾತ್ರ ಅಷ್ಟೊಂದು ಅಕ್ಕರೆ?"

ಟೊಮೇಟೊ ಅಕ್ಕ ಸುಮ್ಮನೆ ಕೆಮ್ಮಿದರು. ಅವಳು ಮೇಜಿನ ಆ ತುದಿಗೆ ನೋಡಿದಳು. ಅವನು ಪೆನ್ನಿನ ಕ್ಯಾಪ್ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದ. ಒಂದು ಮಾತು ಆಡಬಹುದಿತ್ತು. ಆಡಲಿಲ್ಲ.

"ಗಮನ ಇರ್ಲಿಲ್ಲ ಸರ್," ಎಂದಳು.

ಪರೀಕ್ಷೆ ಮೊದಲಿಂದ ಶುರುವಾಯಿತು. ನೀರು ಹಾಕುವ ಕೆಲಸ ಬೇರೆಯವರಿಗೆ ಹೋಯಿತು. ತೊಟ್ಟಿಗಳ ಹತ್ತಿರ ಸುಳಿಯದೆ, ದೂರದಲ್ಲಿ ಕುರ್ಚಿ ಹಾಕಿಕೊಂಡು ಎಲೆ ಬಾಡಿದ್ದನ್ನು ಅಂದಾಜು ಮಾಡಿ ಅಂಕ ಕೊಡುವುದಷ್ಟೇ ಅವಳಿಗೆ ಉಳಿದದ್ದು. ಅವನು ಸಂಜೆ ಬರುವುದನ್ನು ನಿಲ್ಲಿಸಿದ್ದ. ಕಾರಿಡಾರಿನಲ್ಲಿ ಎದುರಾದರೆ "ನಮಸ್ಕಾರ" ಎನ್ನುತ್ತಿದ್ದ, ಹೊಸದಾಗಿ ಪರಿಚಯವಾದವರಿಗೆ ಹೇಳುವ ಹಾಗೆ. ನೀರಿನ ಮೇಡಂ ಎಂದು ಕರೆಯುವವರು ಯಾರೂ ಇರಲಿಲ್ಲ.

ನಿಂತ ನೀರಿನಲ್ಲಿ ಏಳನೆಯ ತಳಿ ಹೇಗೋ ಜೀವ ಹಿಡಿದುಕೊಂಡಿತ್ತು. ಎಲೆ ಹಳದಿಯಾಯಿತು, ಕೆಲವು ಉದುರಿದವು, ಆದರೂ ಕಾಂಡ ನಿಂತಿತ್ತು. ಅವಳು ಕುರ್ಚಿಯಲ್ಲಿ ಕುಳಿತು ದಿನವೂ ಅದನ್ನೇ ನೋಡುತ್ತಿದ್ದಳು. ಆದರೆ ನಿಜವಾದ ಪರೀಕ್ಷೆ ನೀರು ಬಸಿದ ಮೇಲೆ. ಮೋಡ ಸರಿದು ಬಿಸಿಲು ಬಿದ್ದ ಕೂಡಲೇ ಎಲೆ ನೀರು ಕೇಳುತ್ತದೆ, ಕೊಳೆತ ಬೇರು ಕೊಡಲಾರದು. ತೊಟ್ಟಿಗಳ ನೀರು ಹೊರಬಿಟ್ಟ ದಿನ, ಬಿಸಿಲೇರುತ್ತಿದ್ದ ಹಾಗೆ ಗಿಡಗಳು ಒಂದೊಂದಾಗಿ ತಲೆ ಬಗ್ಗಿಸಿದವು. ಮಾರನೆಯ ದಿನಕ್ಕೆ ಸಾಲಿಗೆ ಸಾಲೇ ಮಲಗಿತ್ತು. ಬದನೆ ಮಾತ್ರ ಹೊಸ ಚಿಗುರು ಬಿಟ್ಟಿತ್ತು.

ಸೊನ್ನೆ ಎಂದು ಬರೆಯುವಾಗ ಅವಳ ಕಣ್ಣು ಮಂಜಾಯಿತು. ಸತ್ಯ ಹೇಳಿದೆನೆಂಬ ಸಮಾಧಾನ ಒಂದಿಷ್ಟೂ ಬರಲಿಲ್ಲ.

"ಎಲ್ಲಾ ಹೋಯ್ತಾ?"

ಅವನು ಹಿಂದೆ ನಿಂತಿದ್ದ.

"ಹೂಂ. ಕ್ಷಮಿಸಿ ಸರ್."

ಅವನು ತೊಟ್ಟಿಯ ಬಳಿ ಕುಕ್ಕರಗಾಲಲ್ಲಿ ಕುಳಿತು ಒಂದು ಗಿಡವನ್ನು ಕಿತ್ತ. ಬೇರು ಕಂದು ಬಣ್ಣಕ್ಕೆ ತಿರುಗಿ, ಚರಂಡಿಯ ವಾಸನೆ ಹೊಡೆಯುತ್ತಿತ್ತು. ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಕಳಚಿ ಬಂತು.

"ಅತ್ತಿಗೆ ಬದನೆ ನೆಟ್ರು. ಮೊನ್ನೆ ಹೊಲದಲ್ಲಿ ನೀರು ನಿಂತಿತ್ತಂತೆ. ಏನೂ ಆಗಿಲ್ಲ," ಎಂದ. "ಮೊದಲೇ ಹೇಳಿದ್ಲಲ್ಲ ಆ ಹುಡುಗಿ, ಅವಳನ್ನೊಂದ್ಸಲ ನೋಡ್ಬೇಕು ಕಣೋ ಅಂದ್ರು. ನನಗೆ ತಲೆ ಎತ್ತಕ್ಕಾಗ್ಲಿಲ್ಲ."

"ನೀವ್ಯಾಕೆ ತಲೆ ತಗ್ಗಿಸ್ಬೇಕು? ಹಾಳು ಮಾಡಿದ್ದು ನಾನು."

"ನಾನೂ ನೋಡಿದ್ದೆ."

ಅವಳಿಗೆ ತಟ್ಟನೆ ಅರ್ಥವಾಗಲಿಲ್ಲ.

"ಆ ನೀರು. ಮೊದಲ ವಾರದಲ್ಲೇ ನೋಡಿದ್ದೆ," ಎಂದ ಅವನು, ಗಿಡದ ಜೊತೆ ಮಾತಾಡುವವನಂತೆ. "ಹೊಸ ನೀರಲ್ಲಿ ಗಾಳಿ ಇರತ್ತೆ ಅಂತ ನನಗೆ ಗೊತ್ತಿಲ್ವಾ? ಪೈಪ್ ಬೇಡ, ಮಗ್ಗಲ್ಲಿ ಹಾಕಿ ಅನ್ನಕ್ಕೆ ಬಾಯಿ ತೆಗೆದೆ. ಹಾಗಂದ್ರೆ ನೀವು ಮಗ್ಗಲ್ಲಿ ಸುರಿದು ಹೊರಟುಬಿಡ್ತಿದ್ರಿ. ಇಷ್ಟಕ್ಕೆಲ್ಲ ಏನಾಗತ್ತೆ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ. ಆಮೇಲೆ ಗಿಡ ನಿಂತಾಗ, ಅದು ನನ್ನ ತಳಿಯ ಶಕ್ತಿ ಅಂತ ನಂಬಿಬಿಟ್ಟೆ. ನಂಬೋದು ಸುಲಭ ಇತ್ತು."

ಅವಳು ಕುರ್ಚಿಯ ಕೈ ಹಿಡಿದುಕೊಂಡಳು. "ಮೀಟಿಂಗಲ್ಲಿ..."

"ಮೀಟಿಂಗಲ್ಲಿ ಹೇಡಿ ಹಾಗೆ ಕೂತಿದ್ದೆ. ನೀವು ಒಬ್ರೇ ಬೈಸ್ಕೊಂಡ್ರಿ. ಅದಕ್ಕೇ ಇಷ್ಟು ದಿನ ನಿಮ್ಮ ಮುಖ ನೋಡಿಲ್ಲ. ನಿಮ್ಮ ಮೇಲೆ ಕೋಪ ಅಂದ್ಕೊಂಡ್ರಾ?"

"ಮತ್ತೇನು ಅಂದ್ಕೊಳ್ಳಿ?" ಅವಳ ದನಿ ಅವಳಿಗೇ ಗೊತ್ತಿಲ್ಲದೆ ಏರಿತು. "ನಮಸ್ಕಾರ ಅಂತೆ ನಮಸ್ಕಾರ! ಅದರ ಬದಲು ಎರಡು ಬೈದಿದ್ರೆ ಚೆನ್ನಾಗಿರ್ತಿತ್ತು."

"ಬೈಬೇಕಾದವರು ನೀವು."

ಸಿಟ್ಟು ಬಂದಿತ್ತು, ನಿಜವಾದ ಸಿಟ್ಟು. ಅದರ ಅಡಿಯಲ್ಲೇ, ಬೇಡವೆಂದರೂ ಕೇಳದೆ, ಇನ್ನೊಂದು ಏನೋ ಬೆಚ್ಚಗೆ ಹಬ್ಬುತ್ತಿತ್ತು. ತಾನು ಹೊರಟುಹೋಗಬಾರದೆಂದು ಈತ ತನ್ನ ವರ್ಷಗಳ ದುಡಿಮೆಯನ್ನೇ ಪಣಕ್ಕಿಟ್ಟಿದ್ದ. ಅದು ಖುಷಿ ಪಡುವ ವಿಷಯವಲ್ಲ. ಅವಳಿಗೆ ಖುಷಿಯಾಯಿತು. ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು.

ಅವನು ಎದ್ದು ಕೈಯ ಕೆಸರು ಕೊಡವಿಕೊಂಡ. "ಈಗಲೇ ಹೋಗಿ ಮುಖ್ಯಸ್ಥರಿಗೆ ಹೇಳ್ತೀನಿ."

"ಹೇಳಿದ್ರೆ ನಿಮ್ಮ ಬೇರೆ ತಳಿಗಳನ್ನೂ ಯಾರೂ ನಂಬಲ್ಲ."

"ನಂಬದೇ ಇರ್ಲಿ."

"ಮುಂದೆ ಮೆಣಸಿನಕಾಯೀನ ಬದನೆ ಬೇರಿನ ಮೇಲೆ ಕಸಿ ಕಟ್ಟಿ ಬೆಳೆಸ್ತೀನಿ ಅಂತಿದ್ರಲ್ಲ? ಅದಕ್ಕೆ ಯಾರು ತೊಟ್ಟಿ ಕೊಡ್ತಾರೆ?"

"ಬದನೆ ಮೇಲೆ ಟೊಮೇಟೊ ಕೂರತ್ತೆ, ಮೆಣಸಿನಕಾಯಿ ಅಷ್ಟು ಸುಲಭಕ್ಕೆ ಕೂರಲ್ಲ ಮೇಡಂ. ಒಣಜಂಭ ಜಾಸ್ತಿ ಅದಕ್ಕೆ."

"ಗೊತ್ತು. ನೋಡ್ತಾ ಇದೀನಲ್ಲ."

ಅವನ ಕೆನ್ನೆಯಲ್ಲಿ ಗುಳಿ ಬೀಳಲು ನೋಡಿ, ಅರ್ಧಕ್ಕೇ ನಿಂತಿತು. ಅವಳು ಚೀಲದಿಂದ ಕರವಸ್ತ್ರ ತೆಗೆದು ಚಾಚಿದಳು. ಅವನು ಕರವಸ್ತ್ರದ ಜೊತೆ ಅವಳ ಬೆರಳುಗಳನ್ನೂ ಹಿಡಿದ. ಕೆಸರಿಗೆ ಕೈ ತಣ್ಣಗಿತ್ತು. ಅವಳು ಬಿಡಿಸಿಕೊಳ್ಳಲಿಲ್ಲ.

"ಇವತ್ತು ಹೋಗ್ಬೇಡಿ," ಎಂದಳು ಕೊನೆಗೆ. "ಯಾವತ್ತು ಹೋಗ್ಬೇಕು ಅಂತ ನನಗೂ ಗೊತ್ತಿಲ್ಲ. ಇವತ್ತು ಬೇಡ."

"ತಪ್ಪಲ್ವಾ ಅದು?"

"ತಪ್ಪೇ."

ಅವಳು ಮೆಲ್ಲಗೆ ಕೈ ಹಿಂತೆಗೆದುಕೊಂಡಳು. ಆಮೇಲೆ ಅವನು ಸತ್ತ ಗಿಡಗಳನ್ನು ಬುಟ್ಟಿಗೆ ತುಂಬತೊಡಗಿದ. ಅವಳು ಅಂಕದ ಹಾಳೆಗೆ ಸಹಿ ಹಾಕಿ ಹೊರಗೆ ಬಂದಳು.

ಬಾಗಿಲಲ್ಲೇ ಟೊಮೇಟೊ ಅಕ್ಕ ಸಿಕ್ಕರು. ಅವಳ ಕೈಬೆರಳಿಗೆ ಹತ್ತಿದ ಕೆಸರನ್ನು ಒಮ್ಮೆ, ಕಣ್ಣನ್ನು ಒಮ್ಮೆ ನೋಡಿದರು. "ಅಂತೂ ಮೆಣಸಿನಕಾಯಿ ಬಾಯಿ ಬಿಡ್ತಾ? ಅಷ್ಟು ಹೊತ್ತು ಏನಂತೆ ಅದರದು? ನೀನು ಸುಮ್ನೆ ತಪ್ಪು ಮಾಡೋಳಲ್ಲ ಕಣೇ. ಇದರಲ್ಲಿ ಏನೋ ಇದೆ ಅಂತ ನನಗೆ ಆವತ್ತಿಂದ ಅನುಮಾನ."

ಬಾಯಿಬಿಟ್ಟರೆ ಸಾಕಿತ್ತು. ಕೇಂದ್ರದವರೆಲ್ಲ ಅವಳ ಬೆನ್ನ ಹಿಂದೆ ಆಡುತ್ತಿದ್ದ ಮಾತುಗಳಲ್ಲಿ ಅರ್ಧ ಅಲ್ಲೇ ಇಳಿದುಹೋಗುತ್ತಿತ್ತು.

"ಗಿಡ ಹೋಯ್ತಲ್ಲ ಅಂತ ಬೇಜಾರು ಮಾಡ್ಕೊಂಡಿದ್ರು, ಅಷ್ಟೇ ಅಕ್ಕಾ," ಎಂದಳು.

ಅಕ್ಕ ನಂಬಿದ ಹಾಗೆ ಕಾಣಲಿಲ್ಲ. ನಂಬದಿದ್ದರೆ ಬೇಡ. ಕಾರಿಡಾರಿನುದ್ದಕ್ಕೂ ನಡೆಯುತ್ತ, ಮುಖ್ಯಸ್ಥರ ಕೋಣೆಯ ತೆರೆದ ಬಾಗಿಲನ್ನು ದಾಟುತ್ತ, ಅವಳು ತೀರ್ಮಾನಿಸಿದಳು: ಅವನು ಇವತ್ತು ಹೇಳಿದ್ದನ್ನು ತಾನು ಯಾರ ಹತ್ತಿರವೂ ಎತ್ತುವುದಿಲ್ಲ. ಅವನಾಗಿ ಎಂದಾದರೂ ಹೇಳಿದರೆ ತಡೆಯುವುದಿಲ್ಲ. ತನ್ನ ಬಾಯಿಂದ ಮಾತ್ರ ಅಕ್ಕನಿಗಾಗಲಿ, ಮುಖ್ಯಸ್ಥರಿಗಾಗಲಿ, ಊಟಕ್ಕೆ ಕರೆದಾಗ ಆ ಅತ್ತಿಗೆಗಾಗಲಿ, ಯಾರಿಗೂ ಇಲ್ಲ.